ಕೊತ್ತಂಬರಿ ಮೊಳೆಯದಿರುವುದೇಕೆ, ಬೇಗ ಹೂ ಬಿಡುವುದೇಕೆ?

ಮನೆಯಲ್ಲಿ ಕೊತ್ತಂಬರಿ ಬೆಳೆಯುವವರು ತೋಟಗಾರಿಕೆಯವರಾದ ನಮ್ಮ ಬಳಿ ಹೇಳಿಕೊಳ್ಳುವ ದೂರುಗಳು ಮುಖ್ಯವಾಗಿ ಎರಡು: ಬಿತ್ತಿದ್ದು ಹುಟ್ಟಲಿಲ್ಲ, ಹುಟ್ಟಿದ್ದು ಸೊಪ್ಪು ಕೊಡುವ ಮೊದಲೇ ಹೂ ಬಿಟ್ಟಿತು. ಎರಡಕ್ಕೂ ಗೊಬ್ಬರ ಸಾಲದಿರುವುದೇ ಕಾರಣವೆಂದು ಹಲವರು ಭಾವಿಸುತ್ತಾರೆ. ಸಾಮಾನ್ಯವಾಗಿ ಮೊದಲನೆಯದಕ್ಕೆ ಕಾರಣ ಬೀಜ ಮತ್ತು ತೇವ. ಎರಡನೆಯದಕ್ಕೆ ಕಾರಣ ಬಿಸಿ ಮತ್ತು ಹಗಲಿನ ಉದ್ದ.

ನಾವು ಬೀಜವೆಂದು ಬಿತ್ತುವ ಗುಂಡನೆಯ ಕಾಳು ಸಸ್ಯಶಾಸ್ತ್ರದ ಪ್ರಕಾರ ಒಣಗಿದ ಕಾಯಿ. ಅದರಲ್ಲಿ ಎರಡು ಹೋಳುಗಳಿದ್ದು, ಒಂದೊಂದು ಹೋಳಿನಲ್ಲಿಯೂ ಒಂದೊಂದು ಬೀಜವಿರುತ್ತದೆ. ಇಡೀ ಕಾಳನ್ನು ಬಿತ್ತಿದರೂ ಮೊಳಕೆ ಬರುತ್ತದೆಯಾದರೂ, ಗಟ್ಟಿ ಸಿಪ್ಪೆಯೊಳಗೆ ನೀರು ಇಳಿಯುವುದು ನಿಧಾನ. ಎರಡೂ ಬೀಜಗಳು ಮೊಳೆತರೆ ಸಸಿಗಳು ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಆದ್ದರಿಂದ ಕಾಳುಗಳನ್ನು ಸಮತಟ್ಟಾದ ಜಾಗದಲ್ಲಿ ಹರಡಿ, ಅಂಗೈಯಿಂದಲೋ ಲಟ್ಟಣಿಗೆಯಿಂದಲೋ ಹಗುರವಾಗಿ ಒತ್ತಿ ಉರುಳಿಸಬೇಕು. ಸರಿಯಾಗಿ ಬೇರ್ಪಟ್ಟ ಹೋಳು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಪುಟ್ಟ ದೋಣಿಯಂತೆ ತಗ್ಗಾಗಿರುತ್ತದೆ. ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದರೆ ಹೋಳಿನ ಜೊತೆಗೆ ಒಳಗಿನ ಬೀಜವೂ ನುಚ್ಚಾಗುವುದರಿಂದ ಆ ಆತುರ ಬೇಡ. ಬೇರ್ಪಡಿಸಿದ ಹೋಳುಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಸಿದು ಕೂಡಲೇ ಬಿತ್ತಬೇಕು.

ಅಡುಗೆಮನೆಯ ಡಬ್ಬಿಯಲ್ಲಿರುವ ಧನಿಯಾವನ್ನು ಬಿತ್ತಬಹುದೇ ಎಂದು ಕೇಳುವವರಿದ್ದಾರೆ. ಹುರಿಯದ, ತೀರಾ ಹಳತಾಗದ ಕಾಳಾದರೆ ಬಿತ್ತಬಹುದು. ಅನುಮಾನವಿದ್ದರೆ 20 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ಎರಡು ವಾರ ನೋಡಿದರೆ ಅವುಗಳ ಯೋಗ್ಯತೆ ತಿಳಿಯುತ್ತದೆ. ಬಿತ್ತನೆಗೆಂದೇ ಮಾರುವ ಬೀಜಕ್ಕೆ ಬಣ್ಣ ಹಚ್ಚಿದ್ದರೆ ಅದು ಶಿಲೀಂಧ್ರನಾಶಕದಿಂದ ಉಪಚರಿಸಿದ್ದೆಂದು ತಿಳಿದು, ಮಿಕ್ಕದ್ದನ್ನು ಯಾವ ಕಾರಣಕ್ಕೂ ಅಡುಗೆಗೆ ಬಳಸಬಾರದು.

ಕೊತ್ತಂಬರಿಯದು ನೇರವಾಗಿ ಕೆಳಗಿಳಿಯುವ ತಾಯಿಬೇರು. ಕಿತ್ತು ನೆಟ್ಟರೆ ಅದು ಸಹಿಸುವುದಿಲ್ಲ. ಹೀಗಾಗಿ ಕನಿಷ್ಠ 20 ಸೆಂ.ಮೀ. ಆಳದ, ತಳದಲ್ಲಿ ನೀರು ಬಸಿಯುವ ತೂತುಗಳಿರುವ ಕುಂಡದಲ್ಲಿ ನೇರವಾಗಿಯೇ ಬಿತ್ತುವುದು ಲೇಸು. ಬೀಜದ ಮೇಲೆ ಸುಮಾರು ಒಂದು ಸೆಂ.ಮೀ. ಮಣ್ಣು ಸಾಕು. ಮೊಳಕೆ ಕಾಣಲು 7ರಿಂದ 20 ದಿನಗಳಾಗಬಹುದು. ಈ ಅವಧಿಯಲ್ಲಿ ಮೇಲ್ಮಣ್ಣು ಒಮ್ಮೆ ಪೂರ್ತಿ ಒಣಗಿದರೂ ಆಗಷ್ಟೇ ಬಿರಿದ ಮೊಳಕೆ ಸಾಯುತ್ತದೆ, ಸದಾ ಕೆಸರಾಗಿದ್ದರೆ ಕೊಳೆಯುತ್ತದೆ. ಕೊಡದಿಂದ ಸುರಿಯದೆ ನೀರನ್ನು ಚಿಮುಕಿಸುವುದು ಒಳ್ಳೆಯದು. ಹತ್ತನೆಯ ದಿನಕ್ಕೇ ನಿರಾಶರಾಗಿ ಮಣ್ಣು ಕೆದಕಿ ನೋಡುವವರಿಂದ ಹಾಳಾಗುವ ಮೊಳಕೆಗಳೂ ಕಡಿಮೆಯೇನಲ್ಲ.

ಸಸಿಗಳು ಬೆರಳುದ್ದವಾದಾಗ ಒತ್ತಾಗಿರುವುದನ್ನು ಬುಡದಲ್ಲಿ ಕತ್ತರಿಸಿ ತೆಗೆದು, ಗಿಡಗಳ ನಡುವೆ ನಾಲ್ಕೈದು ಸೆಂ.ಮೀ. ಅಂತರ ಬಿಡಬೇಕು. ಗೊಬ್ಬರದ ವಿಷಯ ಸಣ್ಣದು: ಮಣ್ಣಿಗೆ ಮೊದಲೇ ಬೆರೆಸಿದ ಕಾಂಪೋಸ್ಟ್ ಸಾಕಾಗುತ್ತದೆ, ಸಾರಜನಕ ಅತಿಯಾದರೆ ಸೊಪ್ಪಿನ ಘಮ ತಗ್ಗುತ್ತದೆ.

ಹೂ ಬಿಡುವುದು ರೋಗವಲ್ಲ. ಕೊತ್ತಂಬರಿ ಅಲ್ಪಾಯುವಿನ ಗಿಡ. ಹಗಲು ಉದ್ದವಾದಾಗ, ಬಿಸಿ ಏರಿದಾಗ, ಬೇರು ಒಣಗಿದಾಗ ಅದು ಬೇಗನೆ ಬೀಜ ಕಟ್ಟಲು ಹೊರಡುತ್ತದೆ. ಅಗಲವಾದ ಎಲೆಗಳ ಬದಲು ನೂಲಿನಂತಹ ಎಲೆಗಳು ಕಾಣಿಸಿಕೊಂಡರೆ ನಡುವಿನ ದಂಟು ಏಳುತ್ತಿದೆ ಎಂದರ್ಥ. ಆ ದಂಟನ್ನು ಚಿವುಟಿದರೆ ಕೆಲವು ದಿನ ಮುಂದೂಡಬಹುದೇ ಹೊರತು ತಡೆಯಲಾಗದು. ಬಿಸಿ ದಿನಗಳಲ್ಲಿ ಮಧ್ಯಾಹ್ನದ ನೆರಳು ಒದಗಿಸುವುದು, ಎರಡು ಮೂರು ವಾರಗಳಿಗೊಮ್ಮೆ ಬೇರೊಂದು ಕುಂಡದಲ್ಲಿ ಹೊಸದಾಗಿ ಬಿತ್ತುವುದು ಇದಕ್ಕಿಂತ ಫಲಕಾರಿ. ಸೊಪ್ಪನ್ನು ಹೊರಗಿನ ಎಲೆಗಳಿಂದ ಮೊದಲುಗೊಂಡು, ಒಂದು ಸಲಕ್ಕೆ ಗಿಡದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗದಂತೆ ಕೊಯ್ಯಬೇಕು.

ಹೂ ಬಿಟ್ಟ ಒಂದೆರಡು ಗಿಡಗಳನ್ನು ಕೀಳದೆ ಬಿಟ್ಟರೆ ಮುಂದಿನ ಬಿತ್ತನೆಗೆ ಬೀಜ ಸಿಗುತ್ತದೆ. ಕಾಯಿಗಳು ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗಿದಾಗ ಗೊಂಚಲು ಕತ್ತರಿಸಿ, ಕಾಗದದ ಚೀಲದಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಬೇಕು. ಕಾಳುಗಳನ್ನು ಹೋಳು ಮಾಡುವುದು ಬಿತ್ತುವ ಹಿಂದಿನ ದಿನವಷ್ಟೇ. ಅಲ್ಲಿಯವರೆಗೆ ಅವು ಇಡಿಯಾಗಿಯೇ ಇರಲಿ.