ಮೊಲದ ದೀಪ ಹೊತ್ತಿದಾಗ ಮೂಗು ಎಲ್ಲಿ ಹೋಗುತ್ತದೆ?

ಮಕ್ಕಳ ಕೋಣೆಯಲ್ಲಿಡುವ ಮೊಲದ ಆಕಾರದ ದೀಪವನ್ನು ಹಗಲಲ್ಲಿ ಒಮ್ಮೆ ನೋಡಿ, ರಾತ್ರಿ ಹೊತ್ತಿಸಿ ಇನ್ನೊಮ್ಮೆ ನೋಡಿ. ಹಗಲಲ್ಲಿ ಚೆನ್ನಾಗಿ ಕಾಣುತ್ತಿದ್ದ ಪುಟ್ಟ ಮೂಗು, ಮಡಚಿದ ಕಾಲು, ಕೆನ್ನೆಯ ಉಬ್ಬು ರಾತ್ರಿ ಹೆಚ್ಚುಕಡಿಮೆ ಮಾಯ. ಉಳಿಯುವುದು ಎರಡು ಕಿವಿ, ಎರಡು ಕಪ್ಪು ಕಣ್ಣು, ಗುಂಡಗಿನ ಮೈ ಅಷ್ಟೇ.

ಒಂದು ವಸ್ತುವಿನ ಉಬ್ಬುತಗ್ಗು ನಮಗೆ ಗೊತ್ತಾಗುವುದು ಬಹುಪಾಲು ನೆರಳಿನಿಂದ. ಬೆಳಕು ಹೊರಗಿನಿಂದ ಬಿದ್ದರೆ ಮೂಗಿನ ಕೆಳಗೆ, ಕಾಲಿನ ಸಂದಿಯಲ್ಲಿ ನೆರಳು ಕೂರುತ್ತದೆ. ಬೆಳಕು ಒಳಗಿನಿಂದಲೇ ಬಂದರೆ ಆ ನೆರಳಿಗೆ ಜಾಗವೇ ಇಲ್ಲ. ಆಗ ಚಿತ್ರ ಬರೆಯುವುದು ಬೊಂಬೆಯ ಹೊರಗೋಡೆಯ ದಪ್ಪ. ಆ ಗೋಡೆ ಸಿಲಿಕೋನ್ ಎಂಬ ರಬ್ಬರಿನಂಥ ಮೆತ್ತನೆ ವಸ್ತುವಿನದು. ಅದು ತೆಳ್ಳಗಿರುವ ಕಡೆ ಬೆಳಕು ಜಾಸ್ತಿ, ದಪ್ಪಗಿರುವ ಕಡೆ ಮಬ್ಬು. ಇದನ್ನೇ ಕಲೆಯಾಗಿಸಿದವರೂ ಇದ್ದರು. 19ನೇ ಶತಮಾನದ ಯುರೋಪಿನಲ್ಲಿ ಪಿಂಗಾಣಿಯ ತೆಳು ಹಲಗೆಯನ್ನು ಬೇರೆ ಬೇರೆ ದಪ್ಪಕ್ಕೆ ಅಚ್ಚು ಹಾಕಿ ದೀಪದ ಮುಂದೆ ಇಡುತ್ತಿದ್ದರು. ಹಿಂದೆ ಬೆಳಕಿದ್ದರೆ ಇಡೀ ಚಿತ್ರ ಮೂಡುತ್ತಿತ್ತು. ಲಿಥೋಫೇನ್ ಅಂತ ಅದರ ಹೆಸರು.

ಹಾಗಾಗಿ ಪ್ರಾಣಿ ದೀಪದ ವಿನ್ಯಾಸಕಾರ ಒಂದೇ ಬೊಂಬೆಯನ್ನು ಎರಡು ಸಲ ಯೋಚಿಸಬೇಕು. ದೀಪ ಆರಿದಾಗಲೂ ಮೊಲ, ಹೊತ್ತಿದಾಗಲೂ ಮೊಲ. ಎಲ್‌ಇಡಿ ಇರುವುದು ಹೊಟ್ಟೆಯೊಳಗೆ, ಕಿವಿಯ ತುದಿ ಅದರಿಂದ ದೂರ. ಕಿವಿಯನ್ನು ಗಟ್ಟಿಯಾಗಿ ಬಿಟ್ಟರೆ ಅಲ್ಲಿಗೆ ಬೆಳಕು ತಲುಪುವುದೇ ಕಷ್ಟ. ಒಳಗೆ ಪೊಳ್ಳು ಮಾಡಿದರೆ ಬೆಳಗುತ್ತದೆ. ಹೊಟ್ಟೆಯ ಗೋಡೆ ತೀರಾ ತೆಳುವಾದರೆ ಒಳಗಿನ ಎಲ್‌ಇಡಿ ಚುಕ್ಕೆಯಂತೆ ಕಣ್ಣಿಗೆ ಚುಚ್ಚುತ್ತದೆ. ಸಿಲಿಕೋನ್ ಹಾಲುಬಣ್ಣಕ್ಕಿರುವುದು ಸುಮ್ನೆ ಅಲ್ಲ. ಅದರಲ್ಲಿ ಬೆರೆಸಿದ ಅತಿಸಣ್ಣ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿ ಆ ಚುಕ್ಕೆಯನ್ನು ಮರೆಮಾಡುತ್ತವೆ.

ಇನ್ನು ಕಣ್ಣು. ಬೆಳಕು ದಾಟದ ಕಪ್ಪು ಶಾಯಿಯಲ್ಲಿ ಅಚ್ಚಾದ ಕಣ್ಣು ಹಗಲೂ ರಾತ್ರಿಯೂ ಒಂದೇ ಥರ ಕಾಣುತ್ತದೆ. ಮುಖದ ಭಾರವೆಲ್ಲ ಅದರ ಮೇಲೆಯೇ. ಈ ಕಣ್ಣುಗಳು ಮುಖದಲ್ಲಿ ಸ್ವಲ್ಪ ಕೆಳಗೇ ಇರುತ್ತವೆ, ಮೇಲೆ ಅಗಲವಾದ ಹಣೆ. ದೊಡ್ಡ ತಲೆ, ಕೆಳಗಿಳಿದ ದೊಡ್ಡ ಕಣ್ಣು, ತುಂಬಿದ ಕೆನ್ನೆ, ಗಿಡ್ಡ ಕೈಕಾಲು ಕಂಡರೆ ನಮಗೆ ಮುದ್ದು ಉಕ್ಕುತ್ತದೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ 1943ರಲ್ಲೇ ಬರೆದಿದ್ದರು. ಕೂಸಿನ ಲಕ್ಷಣಗಳಿವು. ಕರಡಿಗೆ ಹಾಕಿದರೂ ನಡೆಯುತ್ತದೆ, ಡೈನೋಸಾರ್‌ಗೆ ಹಾಕಿದರೂ ನಡೆಯುತ್ತದೆ!

ಆಕಾರಕ್ಕೆ ಇಷ್ಟು ತಲೆ ಕೆಡಿಸಿಕೊಂಡವರು ಬೆಳಕಿನ ಬಣ್ಣದಲ್ಲಿ ಎಡವುವುದುಂಟು. ಬಿಳಿ ಎಲ್‌ಇಡಿಯ ಒಳಗಿರುವುದು ಸಾಮಾನ್ಯವಾಗಿ ನೀಲಿ ಚಿಪ್, ಅದರ ಮೇಲೆ ಹಳದಿ ಲೇಪ. ನಮ್ಮ ಕಣ್ಣಿನ ಹಿಂಪರದೆಯಲ್ಲಿ ಹಗಲು-ರಾತ್ರಿಯ ಲೆಕ್ಕ ಇಡುವ ಜೀವಕೋಶಗಳಿವೆ. ಸುಮಾರು 480 ನ್ಯಾನೋಮೀಟರ್‌ನ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ, ನಿದ್ದೆಯ ಹೊತ್ತು ತಿಳಿಸುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತವೆ. ಮಕ್ಕಳ ಕಣ್ಣಿನ ಮಸೂರ ತಿಳಿಯಾಗಿರುವುದರಿಂದ ಬೆಳಕು ಒಳಗೆ ಇಳಿಯುವುದೂ ಜಾಸ್ತಿ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರು 3ರಿಂದ 5 ವರ್ಷದ ಮಕ್ಕಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುಂಚಿನ ಒಂದು ಗಂಟೆ ಬರೀ 5ರಿಂದ 40 ಲಕ್ಸ್ (ಬೆಳಕಿನ ಅಳತೆ), ಅಂದರೆ ಮಂದ ಬೆಳಕು ಬಿದ್ದರೂ ಮೆಲಟೋನಿನ್ ಸರಾಸರಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದಿತ್ತು. ಕೆಂಪು ಅಥವಾ ಜೇನುಬಣ್ಣದ ದೀಪ, ಅದೂ ಮಂದವಾಗಿ, ಮಗುವಿನ ಮುಖದಿಂದ ದೂರ ಇದ್ದರೆ ಒಳ್ಳೆಯದು ಎನ್ನುವುದು ಇದಕ್ಕೇ.

ರಾತ್ರಿ ದೀಪದಿಂದ ಮಕ್ಕಳಿಗೆ ದೂರದ್ದು ಮಸುಕಾಗಿ ಕನ್ನಡಕದ ಪವರ್ ಹೆಚ್ಚುತ್ತದೆ ಎಂಬ ಭಯ ಮಾತ್ರ ಬೇಡ. 1999ರಲ್ಲಿ ಒಂದು ಅಧ್ಯಯನ ಅಂಥ ನಂಟನ್ನು ಕಂಡಿದ್ದು ನಿಜ, ದೊಡ್ಡ ಸುದ್ದಿಯೂ ಆಯಿತು. ಮರುವರ್ಷವೇ ಬೇರೆ ತಂಡಗಳು ಹುಡುಕಿದಾಗ ಆ ನಂಟು ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು: ದೂರದ್ದು ಸರಿಯಾಗಿ ಕಾಣದ ಅಪ್ಪ ಅಮ್ಮಂದಿರೇ ಮಗುವಿನ ಕೋಣೆಯಲ್ಲಿ ದೀಪ ಹೊತ್ತಿಸಿಡುವುದು ಹೆಚ್ಚು. ಮಗುವಿಗೆ ಆ ದೋಷ ಬರುವುದು ದೀಪದಿಂದಲ್ಲ, ಅಪ್ಪ ಅಮ್ಮನಿಂದ ಇರಬಹುದು.