ಹಡಗಿನ ಓಲಾಟ, ಬಾಕ್ಸಿಂಗ್ ಕಣದ ಹಗ್ಗ: ಚಾಪ್ಲಿನ್ ಅವರ ಎರಡು ಮೂಕಿ ಚಿತ್ರಗಳು

ಮೂಕಿ ಕಾಲದ ಹಾಸ್ಯಚಿತ್ರಗಳಿಗೆ ಬಾಕ್ಸಿಂಗ್ ಕಣವೂ ಸಮುದ್ರದ ಹಡಗೂ ಬಹಳ ಒಗ್ಗಿದ ಜಾಗಗಳು. ಎರಡರಲ್ಲೂ ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲ. ಎರಡರಲ್ಲೂ ನೆಟ್ಟಗೆ ನಿಂತಿರುವುದೇ ಒಂದು ಸಾಹಸ. ಚಾರ್ಲಿ ಚಾಪ್ಲಿನ್ ಅವರ 'ದಿ ಚಾಂಪಿಯನ್' (1915) ಮತ್ತು 'ದಿ ಇಮಿಗ್ರಂಟ್' (1917) ಚಿತ್ರಗಳನ್ನು ಒಟ್ಟಿಗೆ ನೋಡಿದಾಗ, ನಗು ಹುಟ್ಟುವುದು ಮುಷ್ಟಿಯಿಂದಲ್ಲ, ಕಾಲಿನಿಂದ ಎಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದರಲ್ಲಿ ಹಸಿದ ಅಲೆಮಾರಿಯೊಬ್ಬ, ಹೊಡೆತ ತಿನ್ನಬಲ್ಲ ಜೊತೆಗಾರ ಬೇಕೆಂಬ ಫಲಕ ನೋಡಿ ಬಾಕ್ಸಿಂಗ್ ತರಬೇತಿಯ ಜಾಗಕ್ಕೆ ಹೋಗುತ್ತಾನೆ. ಕೈಗವಸಿನೊಳಗೆ ಕುದುರೆಲಾಳ ಅಡಗಿಸಿಕೊಂಡದ್ದು ಕಥೆಯನ್ನು ಮುಂದಕ್ಕೆ ಒಯ್ಯುವ ಉಪಾಯ ಮಾತ್ರ. ಕೊನೆಯ ಪಂದ್ಯದ ಸೊಗಸು ಇರುವುದು ಇಬ್ಬರೂ ತೂರಾಡುತ್ತಾ, ಒಬ್ಬರನ್ನೊಬ್ಬರು ತಬ್ಬಿ ಜೋಲುತ್ತಾ, ನೃತ್ಯದಂತೆ ಹೆಜ್ಜೆ ಹಾಕುವುದರಲ್ಲಿ. 1931ರ 'ಸಿಟಿ ಲೈಟ್ಸ್' ಚಿತ್ರದಲ್ಲಿ ಚಾರ್ಲಿ ತೀರ್ಪುಗಾರನ ಬೆನ್ನ ಹಿಂದೆ ಅವಿತು ಕುಣಿಯುವ ಪ್ರಸಿದ್ಧ ಪಂದ್ಯ ಇದೇ ಬೇರಿನಿಂದ ಬೆಳೆದದ್ದು.

'ದಿ ಇಮಿಗ್ರಂಟ್' ಚಿತ್ರವನ್ನು ಹೆಚ್ಚು ನಿಧಾನವಾಗಿ ನೋಡಬೇಕು. ಅಮೆರಿಕಕ್ಕೆ ವಲಸೆ ಹೊರಟವರ ಹಡಗಿನಲ್ಲಿ ಕಥೆ ಶುರುವಾಗುತ್ತದೆ. ಇಲ್ಲಿ ಕಾಲಡಿಯ ನೆಲವೇ ಎದುರಾಳಿ. ಹಡಗಿನ ಓಲಾಟವನ್ನು ತೋರಿಸಲು ಕ್ಯಾಮೆರಾದ ಸ್ಟ್ಯಾಂಡಿಗೆ ಲೋಲಕದಂತೆ ಭಾರ ಕಟ್ಟಿ ತೂಗಿಸಿದರು. ಊಟದ ಕೋಣೆಯ ಸೆಟ್ಟನ್ನು ತೊಟ್ಟಿಲಿನ ಹಾಗೆ ತೂಗುವಂತೆ ಕಟ್ಟಿದರು. ಕ್ಯಾಮೆರಾ ಎಡಕ್ಕೆ ವಾಲಿದರೆ ತೆರೆಯ ಮೇಲಿನ ದೃಶ್ಯ ಬಲಕ್ಕೆ ವಾಲಿದಂತೆ ಕಾಣುತ್ತದೆ. ನಟರು ಅದಕ್ಕೆ ತಕ್ಕಂತೆ ಮೈ ಬಾಗಿಸಿದರೆ, ವಾಲುತ್ತಿರುವುದು ಹಡಗೇ ಎಂದು ನಮ್ಮ ಕಣ್ಣು ನಂಬಿಬಿಡುತ್ತದೆ. ಊಟದ ಮೇಜಿನ ಮೇಲೆ ಒಂದೇ ಸೂಪಿನ ತಟ್ಟೆ ಇಬ್ಬರ ನಡುವೆ ಜಾರುತ್ತಿರುತ್ತದೆ; ತನ್ನ ಕಡೆ ಬಂದಾಗ ಚಾರ್ಲಿ ಒಂದು ಚಮಚ ಕುಡಿಯುತ್ತಾನೆ, ಅತ್ತ ಹೋದಾಗ ಎದುರಿನವನು ಕುಡಿಯುತ್ತಾನೆ. ಬಡವರು ಹಂಚಿಕೊಂಡು ಉಣ್ಣುವುದನ್ನು ಇಷ್ಟು ಮಿತವಾಗಿ ಹೇಳಿದ ದೃಶ್ಯ ನನಗೆ ಬೇರೆ ಸಿಕ್ಕಿಲ್ಲ.

ಆರಂಭದ ದೃಶ್ಯವೂ ಕಾಲಿನದೇ. ಚಾರ್ಲಿ ಕಟಾಂಜನದ ಆಚೆಗೆ ಬಗ್ಗಿದ್ದಾನೆ. ನಮಗೆ ಕಾಣುವುದು ಬೆನ್ನು ಮತ್ತು ಒದ್ದಾಡುವ ಕಾಲುಗಳು ಮಾತ್ರ. ಸುತ್ತಲಿನವರಂತೆ ಇವನಿಗೂ ಸಮುದ್ರದ ಪ್ರಯಾಣ ಒಗ್ಗದೆ ವಾಂತಿಯಾಗುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಅವನು ತಿರುಗುತ್ತಾನೆ. ಗಾಳದಲ್ಲಿ ಮೀನೊಂದು ಒದ್ದಾಡುತ್ತಿರುತ್ತದೆ.

ಸ್ವಾತಂತ್ರ್ಯದ ನಾಡು ಬಂತೆಂಬ ಬರಹ, ಸ್ವಾತಂತ್ರ್ಯ ದೇವಿಯ ಪ್ರತಿಮೆ, ಅದರ ಬೆನ್ನಿಗೇ ಅಧಿಕಾರಿಗಳು ವಲಸಿಗರನ್ನೆಲ್ಲ ಹಗ್ಗ ಬಿಗಿದು ಒತ್ತಟ್ಟಿಗೆ ತಳ್ಳುವ ದೃಶ್ಯ: ಈ ಮೂರರ ಕ್ರಮವನ್ನು ಅಭ್ಯಾಸಿಗಳು ವಿಶೇಷವಾಗಿ ಗಮನಿಸಬೇಕು. ಕಣದ ಸುತ್ತಲಿನ ಹಗ್ಗ ದಣಿದವನಿಗೆ ಒರಗಲು ಆಸರೆಯಾಗಿತ್ತು. ಈ ಹಗ್ಗ ಎದೆಗೇ ಒತ್ತುತ್ತದೆ. ಇಲ್ಲಿಯೂ ಚಾರ್ಲಿ ಕೈ ಎತ್ತುವುದಿಲ್ಲ. ಸಮಯ ನೋಡಿ ಅಧಿಕಾರಿಯ ಹಿಂಬದಿಗೆ ಕಾಲಿನಿಂದಲೇ ಒಂದು ಒದೆ ಕೊಡುತ್ತಾನೆ.