ಪದ ಪರಿಚಯ: ಜೆನೆಟಿಕ್ ಕೌನ್ಸೆಲರ್

ಸೋದರಮಾವನ ಮಗಳನ್ನು ಮದುವೆಯಾಗಬಹುದೇ ಎಂದು ಕೇಳುವವರಿಗೆ 'ಜೆನೆಟಿಕ್ ಕೌನ್ಸೆಲರ್ ಬಳಿ ಹೋಗಿ, ಆಗಬಹುದೋ ಬೇಡವೋ ಅವರೇ ಹೇಳುತ್ತಾರೆ' ಎಂಬ ಉತ್ತರ ಆರೋಗ್ಯ ಅಂಕಣಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದೆ. ಜಾತಕ ನೋಡಿ ಕೂಡಿಬರುತ್ತದೆಯೋ ಇಲ್ಲವೋ ಎಂದು ಹೇಳುವ ಕೆಲಸವನ್ನೇ ರಕ್ತ ಪರೀಕ್ಷೆಯ ಆಧಾರದಲ್ಲಿ ಮಾಡುವವರು ಎಂಬ ಅರ್ಥ ಇದರಿಂದ ಬೇರೂರುತ್ತಿದೆ. ಜೀನ್‌ಗಳಿಗೆ ಸಂಬಂಧಿಸಿದ ಕಾಯಿಲೆಗಳ ಸಾಧ್ಯತೆಯನ್ನು ಕುಟುಂಬಕ್ಕೆ ವಿವರಿಸಿ, ಅವರೇ ನಿರ್ಧರಿಸಲು ನೆರವಾಗುವವರು ಜೆನೆಟಿಕ್ ಕೌನ್ಸೆಲರ್. ಈ ಪದ ಬಳಕೆಗೆ ಬಂದದ್ದೇ ಅಂಥ ಅಪ್ಪಣೆಗಳಿಂದ ದೂರ ಸರಿಯುವ ಪ್ರಯತ್ನವಾಗಿ ಎಂಬುದನ್ನು ತಿಳಿದರೆ ತಪ್ಪಿನ ಗಾತ್ರ ಅರಿವಾದೀತು.

'ಜೆನೆಟಿಕ್ ಕೌನ್ಸೆಲಿಂಗ್' ಎಂಬ ಹೆಸರನ್ನು ಕೊಟ್ಟವರು ತಳಿವಿಜ್ಞಾನಿ ಷೆಲ್ಡನ್ ರೀಡ್. 1947ರಲ್ಲಿ ಅವರು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಡೈಟ್ ಇನ್‌ಸ್ಟಿಟ್ಯೂಟಿನ ಹೊಣೆ ವಹಿಸಿಕೊಂಡರು. ಆ ಸಂಸ್ಥೆ ನಡೆಯುತ್ತಿದ್ದುದು ಚಾರ್ಲ್ಸ್ ಡೈಟ್ ಎಂಬ ವೈದ್ಯರು ಬಿಟ್ಟುಹೋದ ಆಸ್ತಿಯಿಂದ. 'ಅಯೋಗ್ಯ'ರೆಂದು ಹಣೆಪಟ್ಟಿ ಹಚ್ಚಿದವರಿಗೆ ಸಂತಾನಹರಣ ಮಾಡುವ ಕಾನೂನು 1925ರಲ್ಲಿ ಆ ರಾಜ್ಯದಲ್ಲಿ ಬರಲು ಹೋರಾಡಿದವರಲ್ಲಿ ಡೈಟ್ ಪ್ರಮುಖರು. ಯಾರು ಮಕ್ಕಳನ್ನು ಹೆರಬೇಕು, ಯಾರು ಹೆರಬಾರದು ಎಂದು ತಜ್ಞರೇ ನಿರ್ಧರಿಸುವ ಆ ಚಿಂತನೆಯ ನೆರಳಿನಲ್ಲಿ ಕುಳಿತೇ ರೀಡ್, ಅಲ್ಲಿಯವರೆಗೆ ಚಾಲ್ತಿಯಲ್ಲಿದ್ದ 'ಜೆನೆಟಿಕ್ ಹೈಜೀನ್' (ವಂಶ ನೈರ್ಮಲ್ಯ) ಎಂಬ ಮಾತನ್ನು ಬಿಟ್ಟು, ಕುಟುಂಬಕ್ಕೆ ನೆರವಾಗುವ ಒಂದು ಬಗೆಯ ಸಮಾಜಕಾರ್ಯವೆಂದು ತಮ್ಮ ಕೆಲಸವನ್ನು ವಿವರಿಸಿಕೊಂಡರು. ಆಚರಣೆಯಲ್ಲಿ ಹಳೆಯ ಚಿಂತನೆ ಒಮ್ಮೆಗೇ ಅಳಿಯಲಿಲ್ಲವಾದರೂ, 1969ರಲ್ಲಿ ಅಮೆರಿಕದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಮೊದಲ ಸ್ನಾತಕೋತ್ತರ ಶಿಕ್ಷಣ ಆರಂಭವಾಗಿ ಇದೊಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದಂತೆ, ನಿರ್ಧಾರ ಕುಟುಂಬದ್ದು ಎಂಬ ನಿಲುವು ಅದರ ತಳಹದಿಯಾಯಿತು.

ಹಾಗೆಂದು ಮಾಹಿತಿ ಕೊಟ್ಟು ಕೈತೊಳೆದುಕೊಳ್ಳುವ ಕೆಲಸವೂ ಇದಲ್ಲ. ಕೌನ್ಸೆಲರ್ ಮೊದಲು ಮೂರು ತಲೆಮಾರುಗಳ ವಂಶವೃಕ್ಷವನ್ನು ಬರೆಯುತ್ತಾರೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರಕ್ತಸಂಬಂಧದಲ್ಲಿ ಮದುವೆಯಾದವರ ನಡುವೆ ಜೋಡಿಗೆರೆ. ಎಳವೆಯಲ್ಲೇ ತೀರಿಕೊಂಡ ಕೂಸು, ಮತ್ತೆ ಮತ್ತೆ ಆದ ಗರ್ಭಪಾತ, ಮನೆಯವರು ಹೆಸರೆತ್ತದ ಚಿಕ್ಕಪ್ಪನ ಕಾಯಿಲೆ ಎಲ್ಲವೂ ಅಲ್ಲಿ ದಾಖಲಾಗಬೇಕು. ಇವನ್ನು ಹೇಳಿಸಿಕೊಳ್ಳಲು ತಾಳ್ಮೆ ಬೇಕು. ಅಂಚೆಯಲ್ಲಿ ಬಂದ ಎಂಜಲಿನ ಮಾದರಿಗೆ ಸಿದ್ಧ ವರದಿಯನ್ನು ಫೋನಿನಲ್ಲಿ ಓದಿ ಹೇಳುವ ಮಾರಾಟ ಪ್ರತಿನಿಧಿಯನ್ನು ಇದೇ ಹೆಸರಿನಿಂದ ಕರೆಯುವುದು ಸರಿಯಲ್ಲ.

ಜೋಡಿಗೆರೆಯ ಬಗ್ಗೆ ನಮ್ಮಲ್ಲಿ ಎರಡು ಅತಿರೇಕಗಳಿವೆ: 'ಏನೂ ಆಗುವುದಿಲ್ಲ' ಮತ್ತು 'ಮಗು ಅಂಗವಿಕಲವಾಗಿಯೇ ಹುಟ್ಟುತ್ತದೆ'. ಯಾವುದೇ ದಂಪತಿಗೆ ಗಂಭೀರ ಜನ್ಮದೋಷವಿರುವ ಮಗು ಹುಟ್ಟುವ ಸಾಧ್ಯತೆ ನೂರಕ್ಕೆ ಸುಮಾರು 2ರಿಂದ 3. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಡನೆ ಮದುವೆಯಾದಾಗ ಅದು ಹೆಚ್ಚುಕಡಿಮೆ ಇಮ್ಮಡಿ. ಅಕ್ಕನ ಮಗಳನ್ನೇ ಮದುವೆಯಾದಾಗ ಸಂಬಂಧ ಇನ್ನೂ ಹತ್ತಿರದ್ದು, ಸೋದರಸಂಬಂಧಿಗಳು ಎಂಟನೇ ಒಂದು ಪಾಲು ಜೀನ್‌ಗಳನ್ನು ಹಂಚಿಕೊಂಡಿದ್ದರೆ ಸೋದರಮಾವ ಮತ್ತು ಅಕ್ಕನ ಮಗಳು ನಾಲ್ಕನೇ ಒಂದು ಪಾಲನ್ನು ಹಂಚಿಕೊಂಡಿರುತ್ತಾರೆ. ಕುಟುಂಬದಲ್ಲಿ ಗೊತ್ತಾದ ಕಾಯಿಲೆಯೊಂದು ಇದ್ದರೆ ಈ ಸಾಮಾನ್ಯ ಲೆಕ್ಕ ಪಕ್ಕಕ್ಕೆ ಸರಿದು ಆ ಕಾಯಿಲೆಯದೇ ಲೆಕ್ಕ ಬರುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಲ್ಲಿ ಗುರುತಿಸಲಾದ ಮೂಳೆ-ಕೀಲುಗಳ ಕಾಯಿಲೆ ಪ್ರಬಲ ಜೀನಿನಿಂದ ಹರಿದು ಬರುವಂಥದ್ದು. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಎರಡರಲ್ಲೊಂದು ಸಾಧ್ಯತೆ, ಸಂಬಂಧದಲ್ಲಿ ಮದುವೆಯಾಗಿರಬೇಕೆಂದೇನೂ ಇಲ್ಲ.

ತಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯಲ್ಲಿ ದಂಪತಿ ಇಬ್ಬರೂ ವಾಹಕರಾದರೆ, ಅಂದರೆ ದೋಷವಿರುವ ಜೀನಿನ ಒಂದು ಪ್ರತಿಯನ್ನಷ್ಟೇ ಹೊತ್ತವರಾದರೆ, ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಈ ಸಂಖ್ಯೆ ಮಾಡುವ ಅನಾಹುತ ದೊಡ್ಡದು: ಮೊದಲ ಮಗುವಿಗೆ ಕಾಯಿಲೆ ಬಂದಾಯಿತು, ಇನ್ನು ಮೂರು ಮಕ್ಕಳು ಸುರಕ್ಷಿತ ಎಂದು ವಿದ್ಯಾವಂತರೂ ಓದಿಕೊಳ್ಳುತ್ತಾರೆ. ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ಹೊಸದಾಗಿ ಅಷ್ಟೇ ಇರುತ್ತದೆ ಎಂಬುದನ್ನು ಮನವರಿಕೆ ಮಾಡುವುದು, ವಾಹಕರು ರೋಗಿಗಳಲ್ಲ ಎಂದು ತಿಳಿಸುವುದು, ಬಸಿರಿನ 11ನೇ ವಾರದ ಹೊತ್ತಿಗೆ ಮಾಸಿನ ಅಂಶದಿಂದಲೋ 15ನೇ ವಾರದ ನಂತರ ಗರ್ಭಜಲದಿಂದಲೋ ಪರೀಕ್ಷೆ ಸಾಧ್ಯವೆಂದೂ ಪರೀಕ್ಷೆಯೇ ಬೇಡವೆನ್ನುವ ಹಕ್ಕೂ ಇದೆಯೆಂದೂ ವಿವರಿಸುವುದು ಕೌನ್ಸೆಲರ್ ಕೆಲಸ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಜೆನೆಟಿಕ್ ಕೌನ್ಸೆಲಿಂಗ್ ಕೇಂದ್ರಗಳಿಗೂ ನೋಂದಣಿಯನ್ನು ಕಡ್ಡಾಯ ಮಾಡಿದೆ. ಅಲ್ಲಿ ಭ್ರೂಣದ ಲಿಂಗವನ್ನು ತಿಳಿಸುವುದು ಅಪರಾಧ.

ಜೆನೆಟಿಕ್ ಎಂದರೆ ವಂಶದಿಂದ ಬಂದದ್ದೆಂದೇ ತಿಳಿಯುವುದು ಸೊಸೆಯಂದಿರಿಗೆ ಬಹಳ ನೋವು ಕೊಟ್ಟಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 95 ಮಂದಿಯಲ್ಲಿ 21ನೇ ಕ್ರೋಮೋಸೋಮಿನ (ಜೀನ್‌ಗಳನ್ನು ಹೊತ್ತ ಎಳೆಯ) ಹೆಚ್ಚುವರಿ ಪ್ರತಿ ಬಂದಿರುವುದು ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಆದ ಆಕಸ್ಮಿಕದಿಂದ; ತವರುಮನೆಯ ದೋಷವೆಂಬ ಮಾತಿಗೆ ಅಲ್ಲಿ ಯಾವ ಆಧಾರವೂ ಇಲ್ಲ. ಉಳಿದ ಕೆಲವರಲ್ಲಿ ಕ್ರೋಮೋಸೋಮಿನ ತುಂಡು ಸ್ಥಳಾಂತರಗೊಂಡಿರುತ್ತದೆ, ಆಗ ಮಾತ್ರ ತಂದೆತಾಯಿಯರ ಪರೀಕ್ಷೆಯೂ ಅಗತ್ಯ. ಇದನ್ನು ಅತ್ತೆಮಾವಂದಿರ ಎದುರಿಗೇ ಹೇಳಬೇಕಾಗುತ್ತದೆ.

ಕ್ಯಾನ್ಸರ್ ವಿಭಾಗದಲ್ಲಿ ಸಂದರ್ಭ ಬೇರೆ. ಬಿಆರ್‌ಸಿಎ ಎಂಬ, ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸುವ ಜೀನಿನಲ್ಲಿ ಹಾನಿಕರ ಬದಲಾವಣೆ ಕಂಡುಬಂದರೆ ಒಡಹುಟ್ಟಿದವರಿಗೂ ಅದೇ ಇರುವ ಸಾಧ್ಯತೆ ಸಾಮಾನ್ಯವಾಗಿ ಎರಡರಲ್ಲೊಂದು; ಅವರಿಗೆ ವಿಷಯ ಮುಟ್ಟಿಸುವುದು ಹೇಗೆಂದು ಕೌನ್ಸೆಲರ್ ರೋಗಿಯೊಡನೆ ಕುಳಿತು ಯೋಚಿಸುತ್ತಾರೆ, ಬೇಕಾದರೆ ಪತ್ರ ಬರೆದುಕೊಡುತ್ತಾರೆ. ಕೆಲವೊಮ್ಮೆ ವರದಿಯಲ್ಲಿ 'ಮಹತ್ವ ಅನಿಶ್ಚಿತ', ಅಂದರೆ ಕಂಡ ಬದಲಾವಣೆ ಹಾನಿಕರವೋ ಅಲ್ಲವೋ ಇನ್ನೂ ತಿಳಿಯದು, ಎಂಬ ಫಲಿತಾಂಶ ಬರುತ್ತದೆ. ಅದೊಂದನ್ನೇ ನಂಬಿ ಸ್ತನ ಅಥವಾ ಅಂಡಾಶಯ ತೆಗೆಸುವ ಶಸ್ತ್ರಚಿಕಿತ್ಸೆಗೆ ಮುಂದಾಗಬಾರದೆಂದೂ, ಪುರಾವೆ ಹೆಚ್ಚಿದಂತೆ ಪ್ರಯೋಗಾಲಯ ಅದನ್ನು ಮರುವರ್ಗೀಕರಿಸಬಹುದಾದ್ದರಿಂದ ಕೆಲವು ವರ್ಷಗಳ ನಂತರ ಮತ್ತೆ ಬಂದು ವಿಚಾರಿಸಬೇಕೆಂದೂ ಅವರು ತಿಳಿಸುತ್ತಾರೆ.